ಕಂಪನಿ ಸ್ಟೀರಿಯೋ ಹಾಗೇ ಇರಲಿ, ಸ್ಪೀಕರ್ ಮಾತ್ರ ಬದಲಿಸೋಣ

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲದವರಿಗೆ, ನೋಡಿದ ಮೇಲೂ ಅಂಗಡಿಗೆ ಹೋಗುವಾಗ ಲೆಕ್ಕ ಕೈಯಲ್ಲಿರಲಿ ಅನ್ನೋರಿಗೆ ಈ ಬರಹ. ಇವತ್ತಿನ ವಿಷಯ: ಕಾರಿನ ಜೊತೆ ಬಂದ ಸ್ಟೀರಿಯೋವನ್ನು ಮುಟ್ಟದೆ, ಸ್ಪೀಕರ್ ಮಾತ್ರ ಬದಲಿಸಿ ಒಳ್ಳೆ ಸೌಂಡ್ ಪಡೆಯೋದು ಹೇಗೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ನಾನಿರೋದು ಪುಣೆಯಲ್ಲಿ, ಊರು ಧಾರವಾಡದ ಕಡೆ. ಹಬ್ಬಕ್ಕೆ, ಮದುವೆಗೆ ಅಂತ ಸತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ 400 ಕಿಲೋಮೀಟರಿಗೂ ಜಾಸ್ತಿ ಓಡಿಸಬೇಕು. ಅಷ್ಟು ದೂರ ಜೊತೆಗಿರೋದು ಹಾಡೇ. ಮೊದಲ ಕಾರು ತಗೊಂಡ ವರ್ಷ ಒಂದು ಅಂಗಡಿಗೆ ಹೋಗಿ, ಡಬ್ಬದ ಮೇಲೆ ದೊಡ್ಡದಾಗಿ 260 ವ್ಯಾಟ್ ಅಂತ ಬರೆದಿದ್ದ ಸ್ಪೀಕರ್ ಹಾಕಿಸ್ಕೊಂಡೆ. ಕೂಲಿ ಸೇರಿ 14 ಸಾವಿರ. ಊರಿಗೆ ಹೋದಾಗ ಅಪ್ಪನನ್ನು ಕೂರಿಸಿಕೊಂಡು ಭೀಮಸೇನ ಜೋಶಿಯವರ ಹಾಡು ಹಾಕಿದೆ. ಎರಡು ನಿಮಿಷ ಕೇಳಿ ಅಪ್ಪ ಅಂದ್ರು: "ಇಷ್ಟ ರೊಕ್ಕಾ ಹಾಕಿ ಡಬ್ಬಿ ಒಳಗ ಕುಂತು ಹಾಡಿಸಿದಂಗ ಮಾಡಿಯಲ್ಲಪಾ."

ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನಿಜ. ಮೊದಲಿಗಿಂತ ಬಾಸ್ ಕಮ್ಮಿಯಾಗಿತ್ತು. ಮಳೆಗಾಲ ಮುಗಿಯೋ ಹೊತ್ತಿಗೆ ಎಡಗಡೆ ಬಾಗಿಲು ಗರಗರ ಅನ್ನೋಕೆ ಶುರುವಾಯ್ತು. ಆಮೇಲೆ ಪವರ್ ವಿಂಡೋ ಕೈಕೊಟ್ಟಾಗ ಸರ್ವಿಸ್ ಸೆಂಟರ್‌ನವರು ಬಾಗಿಲು ಬಿಚ್ಚಿ, ಕತ್ತರಿಸಿ ಟೇಪ್ ಸುತ್ತಿದ್ದ ವೈರ್ ತೋರಿಸಿ, ವಾರಂಟಿ ಸಿಗೋದಿಲ್ಲ ಸರ್ ಅಂದ್ರು. ಅಲ್ಲಿಂದ ನಾನೇ ಕೂತು ಓದಿ, ಅಳೆದು, ಬಿಚ್ಚಿ ಕಲಿತದ್ದನ್ನು ಇಲ್ಲಿ ಹೇಳ್ತಿದ್ದೀನಿ. ನಿಮ್ಮ 14 ಸಾವಿರ ಉಳಿದರೆ ನನಗೆ ಅಷ್ಟೇ ಸಾಕು.

ಸ್ಟೀರಿಯೋ ಯಾಕೆ ಬದಲಿಸಬಾರದು?

ಹದಿನೈದು ವರ್ಷದ ಹಿಂದೆ ಕಾರಿನ ಸ್ಟೀರಿಯೋ ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಆಯತಾಕಾರದ ಡಬ್ಬಿ. ಎಳೆದು ತೆಗೆದು ಬೇರೆ ಹಾಕಬಹುದಿತ್ತು. ಈಗ ಅದೇ ಸ್ಕ್ರೀನಿನಲ್ಲಿ ರಿವರ್ಸ್ ಕ್ಯಾಮೆರಾ ಬರುತ್ತೆ, ಸ್ಟೀರಿಂಗ್ ಬಟನ್ ಅದಕ್ಕೇ ಮಾತಾಡುತ್ತೆ, ಕೆಲವು ಕಾರುಗಳಲ್ಲಿ ಎಸಿ, ಬಾಗಿಲ ಲಾಕಿನ ಸೆಟ್ಟಿಂಗ್ ಕೂಡ ಅಲ್ಲೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಬಿಡಿ ಮಾಡ್ಯೂಲ್ ಅಲ್ಲ, ಇಡೀ ಸಿಸ್ಟಮ್ಮಿಗೆ ಹೊಲಿದುಕೊಂಡಿರೋ ಲೆಗಸಿ ಕೋಡ್. ಕಿತ್ತರೆ ಇನ್ನೆಲ್ಲೋ ಏನೋ ಮುರಿಯುತ್ತೆ. ಕಾರು ಮಾರುವಾಗಲೂ ಒರಿಜಿನಲ್ ಸ್ಕ್ರೀನ್ ಇದ್ದರೆ ಒಳ್ಳೇದು.

ಇನ್ನೊಂದು ಕಾರಣ, ತೊಂದರೆ ಹೆಚ್ಚಾಗಿ ಸ್ಟೀರಿಯೋದಲ್ಲಿ ಇರೋದೇ ಇಲ್ಲ. ತೆಳು ಕಾಗದದ ಸ್ಪೀಕರ್, ಅದನ್ನು ಹಿಡಿದಿರೋ ಪ್ಲಾಸ್ಟಿಕ್, ಖಾಲಿ ತಗಡಿನ ಬಾಗಿಲು, ದನಿ ಕೆಡೋದು ಬಹುಪಾಲು ಇಲ್ಲೇ.

ವ್ಯಾಟಿನ ಲೆಕ್ಕ: 50 × 4 ಎಲ್ಲಿಂದ ಬಂತು?

ಅಂಗಡಿಯಲ್ಲಿ ಮೊದಲು ಕೇಳಿಬರೋದು ವ್ಯಾಟ್. ಒಂದು ಸಲ ಲೆಕ್ಕ ಮಾಡಿಬಿಡೋಣ, ಆಮೇಲೆ ಯಾರೂ ನಮಗೆ ಟೋಪಿ ಹಾಕೋಕೆ ಆಗಲ್ಲ.

ಇಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4 ವೋಲ್ಟ್. ಸ್ಟೀರಿಯೋ ಒಳಗಿರೋ ಆಂಪ್ಲಿಫೈಯರ್ ಚಿಪ್ ಸ್ಪೀಕರಿನ ಎರಡೂ ತಂತಿಗಳನ್ನು ಎದುರುಬದುರಾಗಿ ಓಡಿಸುತ್ತೆ. ಹಾಗಾಗಿ ಸ್ಪೀಕರಿಗೆ ಸಿಗೋ ಗರಿಷ್ಠ ವೋಲ್ಟೇಜ್ ಕೂಡ 14.4. ಸ್ಪೀಕರ್ 4 ಓಮ್ ಇದ್ದರೆ, ಶುದ್ಧ ಸೈನ್ ತರಂಗಕ್ಕೆ ಸಿಗೋ ಪವರ್ 14.4ರ ವರ್ಗವನ್ನು 8ರಿಂದ ಭಾಗಿಸಿದಷ್ಟು. 207 ಭಾಗಿಸು 8, ಸುಮಾರು 26 ವ್ಯಾಟ್. ಇದು ಚಿಪ್ಪಿನಲ್ಲಿ ಸ್ವಲ್ಪವೂ ನಷ್ಟ ಇಲ್ಲದಿದ್ದರೆ. ನಷ್ಟ ಕಳೆದರೆ ಸೌಂಡ್ ಒಡೆಯದೆ ಸಿಗೋದು 18ರಿಂದ 20 ವ್ಯಾಟ್, ಅಷ್ಟೇ.

ಹಾಗಾದರೆ ಡಬ್ಬದ ಮೇಲಿರೋ 50 × 4? ಅದೇ ಆಂಪ್ಲಿಫೈಯರ್ ಪೂರ್ತಿ ಒಡೆದುಹೋಗಿ ಚೌಕಾಕಾರದ ತರಂಗ ಕೊಡ್ತಿದೆ ಅಂದುಕೊಳ್ಳಿ. ಆಗ 207 ಭಾಗಿಸು 4, ಸುಮಾರು 52 ವ್ಯಾಟ್. ಆ 50 ಅಲ್ಲಿಂದ ಬಂದದ್ದು. ಸುಳ್ಳಲ್ಲ, ಆದರೆ ಆ ಸ್ಥಿತಿಯಲ್ಲಿ ಹಾಡು ಕೇಳೋಕೆ ಆಗಲ್ಲ.

ಆದ್ದರಿಂದ ಸ್ಪೀಕರ್ ಡಬ್ಬದ ಮೇಲೆ 260 ವ್ಯಾಟ್ ಅಂತ ಬರೆದಿದ್ದರೆ ಅದರ ಅರ್ಥ, ಅಷ್ಟು ಕ್ಷಣಿಕ ಪವರ್ ಬಂದರೂ ಅದು ತಡೆದುಕೊಳ್ಳುತ್ತೆ ಅಂತ, ಅಷ್ಟು ಸೌಂಡ್ ಕೊಡುತ್ತೆ ಅಂತ ಅಲ್ಲ. ನಿಮ್ಮ ಸ್ಟೀರಿಯೋ ಕೊಡೋದು 20 ವ್ಯಾಟ್. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್. ಅದು 30ರಿಂದ 60ರ ಒಳಗಿದ್ದರೆ ಕಂಪನಿ ಸ್ಟೀರಿಯೋಗೆ ಸರಿಹೊಂದುತ್ತೆ.

ನಿಜವಾಗಿ ನೋಡಬೇಕಾದ್ದು ಸೆನ್ಸಿಟಿವಿಟಿ

ಪವರ್ ಕಮ್ಮಿ ಇದ್ದಾಗ ಮುಖ್ಯವಾಗೋದು, ಕೊಟ್ಟ ಪವರನ್ನು ಸ್ಪೀಕರ್ ಎಷ್ಟು ಚೆನ್ನಾಗಿ ಸೌಂಡ್ ಮಾಡುತ್ತೆ ಅನ್ನೋದು. ಇದನ್ನೇ ಸೆನ್ಸಿಟಿವಿಟಿ ಅಂತಾರೆ, ಡೆಸಿಬಲ್‌ನಲ್ಲಿ ಬರೆದಿರುತ್ತೆ. 3 ಡೆಸಿಬಲ್ ಹೆಚ್ಚು ಅಂದರೆ ಅರ್ಧ ಪವರಿಗೆ ಅಷ್ಟೇ ಸೌಂಡ್. 87 ಡೆಸಿಬಲ್ ಸ್ಪೀಕರಿಗೆ 50 ವ್ಯಾಟ್ ಕೊಟ್ಟರೆ ಬರೋ ಸೌಂಡನ್ನು 91 ಡೆಸಿಬಲ್ ಸ್ಪೀಕರ್ ಬರೀ 20 ವ್ಯಾಟಿಗೆ ಕೊಡುತ್ತೆ. ನನ್ನ ಮೊದಲ ಸ್ಪೀಕರ್ ಎಡವಿದ್ದರಲ್ಲಿ ಇದೂ ಒಂದು: ಭಾರದ ಕೋನ್, ದೊಡ್ಡ ವ್ಯಾಟ್, ಕಡಿಮೆ ಸೆನ್ಸಿಟಿವಿಟಿ. ಕಂಪನಿಯ ಹಗುರ ಕಾಗದದ ಸ್ಪೀಕರ್ ಅದಕ್ಕಿಂತ ಜೋರಾಗಿತ್ತು!

ಇಲ್ಲೊಂದು ಹುಷಾರಿ. ಕೆಲವರು ಸೆನ್ಸಿಟಿವಿಟಿಯನ್ನು 1 ವ್ಯಾಟಿಗೆ ಅಳೀತಾರೆ, ಕೆಲವರು 2.83 ವೋಲ್ಟಿಗೆ ಅಳೀತಾರೆ. 8 ಓಮ್ ಸ್ಪೀಕರಿಗೆ ಎರಡೂ ಒಂದೇ. ಆದರೆ 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ 2 ವ್ಯಾಟ್ ಆಗುತ್ತೆ. ಅಲ್ಲಿಗೆ 3 ಡೆಸಿಬಲ್ ಪುಕ್ಕಟೆ ಸಿಕ್ಕಂಗೆ. ಒಂದರ ಮೇಲೆ 91, 2.83 ವೋಲ್ಟಿಗೆ ಅಂತಲೂ ಇನ್ನೊಂದರ ಮೇಲೆ 89, 1 ವ್ಯಾಟಿಗೆ ಅಂತಲೂ ಇದ್ದರೆ, ಎರಡೂ 4 ಓಮ್ ಆಗಿದ್ದಲ್ಲಿ ಎರಡನೆಯದೇ ಮುಂದು. ಸಣ್ಣ ಅಕ್ಷರ ಓದಿ.

ಖರ್ಚಿಲ್ಲದ ಕೆಲಸ ಮೊದಲು

ಅಂಗಡಿಗೆ ಹೋಗೋ ಮುಂಚೆ ಒಂದು ಭಾನುವಾರ ಹೀಗೆ ಮಾಡಿ. ಹಾಡಿನ ಆ್ಯಪಿನಲ್ಲಿ ಆಡಿಯೋ ಕ್ವಾಲಿಟಿ ಗರಿಷ್ಠಕ್ಕೆ ಇಡಿ, ಡೇಟಾ ಉಳಿಸೋಕೆ ಅಂತ ಕಮ್ಮಿಗೆ ಇಟ್ಟು ಮರೆತಿರ್ತೀವಿ. ಬ್ಲೂಟೂತ್ ಹಾಡನ್ನು ಮತ್ತೊಮ್ಮೆ ಹಿಂಡಿ ಕಳಿಸುತ್ತೆ, ಅದರ ಬದಲು ಕೇಬಲ್ ಹಾಕಿ ಕೇಳಿ. ಸ್ಟೀರಿಯೋದ ಬಾಸ್, ಟ್ರೆಬಲ್, ಲೌಡ್‌ನೆಸ್, ಸರೌಂಡ್ ಎಲ್ಲವನ್ನೂ ಸೊನ್ನೆಗೆ ತನ್ನಿ. ಫೇಡರನ್ನು ಸ್ವಲ್ಪ ಮುಂದಕ್ಕೆ ತಳ್ಳಿ. ಕಚೇರಿಯಲ್ಲಿ ಭಾಷಣಕಾರ ನಮ್ಮ ಮುಂದೆ ನಿಲ್ಲೋ ಹಾಗೆ, ಹಾಡೂ ಮುಂದಿನಿಂದ ಬರಬೇಕು.

ಇಷ್ಟರಲ್ಲೇ ಸಮಾಧಾನ ಆದರೆ ಇಲ್ಲಿಗೇ ನಿಲ್ಲಿಸಿ, ನಿಜವಾಗ್ಲೂ. ಆಗದಿದ್ದರೆ ಮುಂದೆ ಓದಿ.

ನಿಮ್ಮ ಕಾರಲ್ಲಿ ಏನಿದೆ ಅಂತ ಮೊದಲು ತಿಳ್ಕೊಳ್ಳಿ

ಮೂರು ಸಂಗತಿ ಗೊತ್ತಿರಬೇಕು: ಸೈಜು, ಆಳ, ಓಮ್.

ಸೈಜು: ನಮ್ಮ ಬಹಳಷ್ಟು ಹ್ಯಾಚ್‌ಬ್ಯಾಕ್ ಮತ್ತು ಸೆಡಾನ್‌ಗಳ ಮುಂದಿನ ಬಾಗಿಲಲ್ಲಿ 6.5 ಇಂಚಿನ ಸ್ಪೀಕರ್ ಕೂರುತ್ತೆ. ಆದರೆ ಸ್ಕ್ರೂ ತೂತುಗಳು ಕಾರಿಂದ ಕಾರಿಗೆ ಬೇರೆ. ಅದಕ್ಕೆ ನಿಮ್ಮ ಮಾಡೆಲ್ಲಿನದೇ ಅಡಾಪ್ಟರ್ ರಿಂಗ್ ಬೇಕು.

ಆಳ: ಬಾಗಿಲ ಗ್ಲಾಸನ್ನು ಪೂರ್ತಿ ಕೆಳಗಿಳಿಸಿ ಅಳೀಬೇಕು. ಗ್ಲಾಸು ಮೇಲಿದ್ದಾಗ ಅಳೆದು ಸ್ಪೀಕರ್ ತಂದರೆ, ಟೋಲ್ ಬೂತಿನಲ್ಲಿ ಗ್ಲಾಸ್ ಇಳಿಸಿದಾಗ ಮ್ಯಾಗ್ನೆಟ್ಟಿಗೆ ಕಟ್ ಅಂತ ಬಡಿಯುತ್ತೆ.

ಓಮ್: ಹಳೇ ಸ್ಪೀಕರ್ ಹಿಂದೆ ಬರೆದಿರುತ್ತೆ. ಇಲ್ಲದಿದ್ದರೆ, ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8ರಷ್ಟು ತೋರಿಸುತ್ತೆ, 2 ಓಮ್ ಆದರೆ 2ಕ್ಕಿಂತ ಕಮ್ಮಿ. ಟ್ವೀಟರಿಗೆ ಕೆಪಾಸಿಟರ್ ಇರೋದರಿಂದ ಅಲ್ಲಿ ಏನೂ ತೋರಿಸದೇ ಇರಬಹುದು, ಹೆದರಬೇಡಿ. 4 ಓಮಿಗೆ ಮಾಡಿದ ಸ್ಟೀರಿಯೋಗೆ 2 ಓಮ್ ಸ್ಪೀಕರ್ ಹಾಕಿದರೆ ಕರೆಂಟ್ ದುಪ್ಪಟ್ಟು ಎಳೆಯುತ್ತೆ, ಚಿಪ್ ಕಾಯುತ್ತೆ. ಮೇ ತಿಂಗಳ ಹೈದರಾಬಾದು, ದೆಹಲಿ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇನ್ನೂ ಕಾಯಿಸೋದು ಬೇಡ.

ನಿಮ್ಮ ಕಾರಿನ ಮೇಲೆ ಬೋಸ್, ಜೆಬಿಎಲ್, ಹರ್ಮನ್ ಥರದ ಹೆಸರಿದ್ದು, ಸೀಟಿನ ಕೆಳಗೋ ಡಿಕ್ಕಿಯಲ್ಲೋ ಬೇರೆ ಆಂಪ್ಲಿಫೈಯರ್ ಇದ್ದರೆ ಸ್ವಲ್ಪ ತಡೀರಿ. ಅಂಥ ಸಿಸ್ಟಮ್ಮುಗಳಲ್ಲಿ ಆಂಪ್ಲಿಫೈಯರನ್ನು ಅದೇ ಸ್ಪೀಕರಿಗೆ ಟ್ಯೂನ್ ಮಾಡಿರ್ತಾರೆ, ಓಮ್ ಕೂಡ ಬೇರೆ ಇರಬಹುದು. ಅಳೆಯದೆ ಬರೀ ಸ್ಪೀಕರ್ ಬದಲಿಸಿದರೆ ಕೆಡೋ ಸಾಧ್ಯತೆಯೇ ಜಾಸ್ತಿ.

ಕೋಆಕ್ಸಿಯಲ್ ಅಥವಾ ಕಾಂಪೊನೆಂಟ್?

ಕೋಆಕ್ಸಿಯಲ್ ಅಂದರೆ ವೂಫರಿನ ನಡುವೆಯೇ ಟ್ವೀಟರ್ ಕೂತಿರೋದು. ಹಾಕೋದು ಸುಲಭ, ಅಗ್ಗ. ಕಾಂಪೊನೆಂಟ್ ಅಂದರೆ ವೂಫರ್ ಬಾಗಿಲಲ್ಲಿ, ಟ್ವೀಟರ್ ಮೇಲೆ ಕನ್ನಡಿ ಹತ್ತಿರ ಬೇರೆ, ನಡುವೆ ಕ್ರಾಸ್‌ಓವರ್ ಅನ್ನೋ ಸಣ್ಣ ಡಬ್ಬಿ. ಬಾಗಿಲ ಕೆಳಗಿಂದ ಬರೋ ದನಿ ಮೊಣಕಾಲಿಗೆ ಬಡಿದು ನಿಲ್ಲುತ್ತೆ. ಟ್ವೀಟರ್ ಮೇಲಿದ್ದರೆ ಹಾಡುಗಾರ ಡ್ಯಾಶ್‌ಬೋರ್ಡಿನ ಮೇಲೆ ನಿಂತಂಗೆ ಕೇಳುತ್ತೆ.

ನನ್ನ ಸಲಹೆ ಇಷ್ಟು. ನಿಮ್ಮ ಕಾರಿನಲ್ಲಿ ಟ್ವೀಟರಿಗೆ ಕಂಪನಿಯೇ ಜಾಗ ಮಾಡಿದ್ದರೆ ಮುಂದೆ ಕಾಂಪೊನೆಂಟ್ ಹಾಕಿ. ಇಲ್ಲದಿದ್ದರೆ ಒಳ್ಳೆ ಕೋಆಕ್ಸಿಯಲ್ ಸಾಕು. ಹಿಂದಿನ ಬಾಗಿಲಿಗೆ ಖರ್ಚೇ ಮಾಡಬೇಡಿ, ಹಳೇ ಸ್ಪೀಕರ್ ಇರಲಿ. ಆ ದುಡ್ಡನ್ನು ಮುಂದಿನ ಬಾಗಿಲಿನ ಡ್ಯಾಂಪಿಂಗಿಗೆ ಹಾಕಿ.

ಇನ್ನೊಂದು ವಿಷಯ ಜೀವಕ್ಕೆ ಸಂಬಂಧಿಸಿದ್ದು. ಮುಂದಿನ ಗ್ಲಾಸಿನ ಪಕ್ಕದ ಕಂಬದಲ್ಲಿ ಈಗಿನ ಅನೇಕ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರ್ತಾರೆ. ಟ್ವೀಟರ್ ಹಾಕೋಕೆ ಅಂತ ಆ ಕಂಬದ ಪ್ಲಾಸ್ಟಿಕ್ ಕೊರೆಯೋಕೆ ಯಾರಿಗೂ ಬಿಡಬೇಡಿ, ಏರ್‌ಬ್ಯಾಗ್ ಮೇಲೆ ವೈರ್ ಹಾಯಿಸಬೇಡಿ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಕೆಲವು ಕಾರುಗಳ ಬಾಗಿಲೊಳಗೆ ಪಕ್ಕದ ಡಿಕ್ಕಿಯನ್ನು ಗಾಳಿಯ ಒತ್ತಡದಿಂದ ಗುರುತಿಸೋ ಸೆನ್ಸರ್ ಇರುತ್ತೆ. ಬಾಗಿಲ ಒಳತಗಡನ್ನು ಕತ್ತರಿಸಿದರೆ ಆ ಒತ್ತಡದ ಲೆಕ್ಕವೇ ತಪ್ಪಬಹುದು. ಎಲೆಕ್ಟ್ರಿಕ್ ಕಾರಿನವರಿಗೆ: ನಿಮ್ಮ ಸ್ಟೀರಿಯೋ ಕೂಡ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದಲೇ ನಡೆಯೋದು. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್. ಅದರ ಹತ್ತಿರವೂ ಹೋಗೋದು ಬೇಡ.

ಬಾಗಿಲೇ ಸ್ಪೀಕರಿನ ಪೆಟ್ಟಿಗೆ

ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತೆ. ಕಾರಲ್ಲಿ ಆ ಪೆಟ್ಟಿಗೆ ಬಾಗಿಲೇ. ಆದರೆ ಅದು ತೂತು ತೂತಾದ ತಗಡಿನ ಪೆಟ್ಟಿಗೆ.

ಸ್ಪೀಕರಿನ ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಎಳೆಯುತ್ತೆ. ಇವೆರಡೂ ಸೇರಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. 100 ಹರ್ಟ್ಸ್ ಬಾಸಿನ ತರಂಗ ಸುಮಾರು 3.4 ಮೀಟರ್ ಉದ್ದ. ಅದರ ಮುಂದೆ ಬಾಗಿಲ ತೂತಿನ ದೂರ ಏನೂ ಅಲ್ಲ, ಹಿಂದಿನ ತರಂಗ ಸಲೀಸಾಗಿ ಮುಂದೆ ಬಂದು ಬಾಸನ್ನು ನುಂಗುತ್ತೆ. ಕಂಪನಿಯವರು ಆ ತೂತುಗಳ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ನೀರು ತಡೆಯೋಕೂ ಅದೇ. ನನ್ನ ಕಾರಲ್ಲಿ ಅಂಗಡಿಯವರು ಆ ಹಾಳೆಯನ್ನು ಹರಿದು ಬಿಸಾಡಿದ್ದರು. ಬಾಸ್ ಹೋಯ್ತು, ನೀರೂ ಬಂತು.

ಮಾಡಬೇಕಾದ್ದು ಎರಡು ಕೆಲಸ. ಒಂದು, ಹೊರತಗಡಿನ ಒಳಮೈಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸೋದು, ಇದು ಮೇಲೆ ಅಲ್ಯೂಮಿನಿಯಂ ಹಾಳೆ ಇರೋ ರಬ್ಬರಿನಂಥ ವಸ್ತು. ಪೂರ್ತಿ ಹೊದಿಸಬೇಕಿಲ್ಲ. ತಗಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು, ನಡುವಿನ ಬಯಲು ಜಾಗಕ್ಕೆ ಅಂಟಿಸಿ ರೋಲರಿನಿಂದ ಗಟ್ಟಿಯಾಗಿ ಒತ್ತಿದರೆ ಸಾಕು. ಬೆರಳಲ್ಲಿ ಬಡಿದು ನೋಡಿ, ಮೊದಲು ಟಣ್ ಅಂತಿತ್ತು, ಈಗ ದಬ್ ಅನ್ನಬೇಕು. ಡಾಂಬರಿನ ಶೀಟ್ ಅಗ್ಗ ಅಂತ ಹಾಕಬೇಡಿ, ನಮ್ಮ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತೆ. ಎರಡು, ಒಳತಗಡಿನ ತೂತುಗಳನ್ನು ಅದೇ ಶೀಟಿನಿಂದ ಮುಚ್ಚೋದು, ಆದರೆ ಗ್ಲಾಸ್ ಮೋಟಾರು, ಲಾಕಿನ ಸರಳು ಆಡೋ ಜಾಗ ಬಿಟ್ಟು.

ಡ್ಯಾಂಪಿಂಗ್ ಮಾಡಿದರೆ ರಸ್ತೆಯ ಸಪ್ಪಳ ಮಾಯವಾಗುತ್ತೆ ಅಂತ ನಂಬಬೇಡಿ, ಅದು ತಗಡಿನ ನಡುಕ ನಿಲ್ಲಿಸುತ್ತೆ ಅಷ್ಟೇ. ಆದರೆ ಅಷ್ಟಕ್ಕೇ ಬಾಸ್ ಬಿಗಿಯಾಗುತ್ತೆ.

ಮುಂಬೈ, ಪುಣೆ, ಚೆನ್ನೈಯವರು ಗಮನಿಸಿ. ಮಳೆ ಬಂದಾಗ ಗ್ಲಾಸಿನ ಮೇಲಿಂದ ನೀರು ಬಾಗಿಲೊಳಗೆ ಇಳಿಯೋದು ಸಹಜ, ಕಂಪನಿಯವರು ಹಾಗೇ ಮಾಡಿರೋದು. ಬಾಗಿಲ ಕೆಳ ಅಂಚಿನ ಸಣ್ಣ ತೂತುಗಳಿಂದ ಅದು ಹೊರಗೆ ಹೋಗುತ್ತೆ. ಡ್ಯಾಂಪಿಂಗ್ ಶೀಟ್ ಆ ತೂತುಗಳನ್ನು ಮುಚ್ಚಿದರೆ ಬಾಗಿಲು ನೀರಿನ ತೊಟ್ಟಿಯಾಗಿ ತುಕ್ಕು ಹಿಡಿಯುತ್ತೆ. ಕೆಲಸ ಮುಗಿದ ಮೇಲೆ ಗ್ಲಾಸಿನ ಮೇಲೆ ಒಂದು ಮಗ್ ನೀರು ಸುರಿದು, ಕೆಳಗಿಂದ ಸೋರುತ್ತಾ ನೋಡಿ. ಅಡಾಪ್ಟರ್ ರಿಂಗ್ ಎಂಡಿಎಫ್ ಮರದ್ದಾದರೆ ನೀರು ಕುಡಿದು ಊದುತ್ತೆ, ಸ್ಕ್ರೂ ಸಡಿಲಾಗುತ್ತೆ. ನನ್ನ ಎಡ ಬಾಗಿಲ ಗರಗರ ಅದೇ. ಗಟ್ಟಿ ಪ್ಲಾಸ್ಟಿಕ್ಕಿನ ರಿಂಗೇ ಕೇಳಿ.

ವೈರ್ ಕತ್ತರಿಸಬಾರದು

ಕಂಪನಿ ವೈರಿನ ತುದಿಯಲ್ಲಿರೋ ಕಪ್ಲರಿಗೆ ಸರಿಯಾಗಿ ಕೂರೋ ಅಡಾಪ್ಟರ್ ಕಪ್ಲರ್ ಮಾರ್ಕೆಟ್ಟಿನಲ್ಲಿ ಸಿಗುತ್ತೆ. ಕೆಲವು ನೂರು ರೂಪಾಯಿಯ ಮಾತು. ಒಂದು ಕಡೆ ಕಂಪನಿ ಕಪ್ಲರ್, ಇನ್ನೊಂದು ಕಡೆ ಹೊಸ ಸ್ಪೀಕರ್. ಕಾರು ಮಾರುವಾಗ ಹಳೇ ಸ್ಪೀಕರ್ ವಾಪಸ್ ಹಾಕಿ ಹೊಸದನ್ನು ಮನೆಗೆ ತರಬಹುದು. ಅದಕ್ಕೇ ಹಳೇ ಸ್ಪೀಕರ್, ಹಳೇ ಸ್ಕ್ರೂ ಕೇಳಿ ತಗೊಳ್ಳಿ. ವಾರಂಟಿ ಪುಸ್ತಕವನ್ನೂ ಒಮ್ಮೆ ಓದಿ. ಹೊರಗಿನ ಆಕ್ಸೆಸರಿಯಿಂದಾದ ಹಾನಿಗೆ ವಾರಂಟಿ ಇಲ್ಲ ಅಂತ ಸಾಮಾನ್ಯವಾಗಿ ಬರೆದಿರ್ತಾರೆ. ವೈರ್ ಕತ್ತರಿಸಿದ್ದರೆ ವಾದ ಮಾಡೋಕೆ ನಮ್ಮ ಕೈಯಲ್ಲಿ ಏನೂ ಉಳಿಯೋದಿಲ್ಲ.

ಅಂಗಡಿಯಲ್ಲಿ ಹೇಳೋಕೆ ಒಂದೊಂದು ಸಾಲು ಕಲಿತಿಟ್ಟುಕೊಳ್ಳಿ. ಪುಣೆ, ಮುಂಬೈಯಲ್ಲಿ "ವಾಯರ್ ಕಾಪೂ ನಕಾ", ದೆಹಲಿಯಲ್ಲಿ "ವಾಯರ್ ಮತ್ ಕಾಟ್‌ನಾ, ಕಪ್ಲರ್ ಲಗಾನಾ", ಚೆನ್ನೈಯಲ್ಲಿ "ವಯರ್ ಕಟ್ ಪಣ್ಣಾದೀಂಗ", ಹೈದರಾಬಾದಿನಲ್ಲಿ "ವೈರ್ ಕಟ್ ಚೇಯೊದ್ದು". ಅವರ ಭಾಷೆಯಲ್ಲಿ ಹೇಳಿದರೆ ಅರ್ಧ ಜಗಳ ಅಲ್ಲೇ ತಪ್ಪುತ್ತೆ. ಕೆಲಸ ಆಗುವಾಗ ಪಕ್ಕದಲ್ಲೇ ನಿಂತಿರಿ. ಕಾಲ್ ಇದೆ ಅಂತ ಲ್ಯಾಪ್‌ಟಾಪ್ ತೆರೆದು ಮೂಲೆಯಲ್ಲಿ ಕೂತ್ಕೋಬೇಡಿ. ನಾನು ಅವತ್ತು ಮಾಡಿದ್ದು ಅದೇ.

ಪ್ಲಸ್ ಮೈನಸ್ ಪರೀಕ್ಷೆ

ಎರಡು ಸ್ಪೀಕರಿನಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ. ಬಾಸ್ ಅಲ್ಲಿಗೇ ಸತ್ತುಹೋಗುತ್ತೆ, ಹಾಡುಗಾರನ ದನಿ ಎಲ್ಲಿಂದ ಬರ್ತಿದೆ ಅಂತಲೇ ತಿಳಿಯಲ್ಲ. ಅಪ್ಪ "ಡಬ್ಬಿ ಒಳಗ" ಅಂದದ್ದು ಮುಖ್ಯವಾಗಿ ಇದರಿಂದ. ಬಲಗಡೆ ಸ್ಪೀಕರ್ ಉಲ್ಟಾ ಜೋಡಿಸಿದ್ದರು.

ಪರೀಕ್ಷೆ ಸುಲಭ. ಸ್ಪೀಕರನ್ನು ಸ್ಟೀರಿಯೋದಿಂದ ಬಿಡಿಸಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ವೂಫರಿಗೆ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ತಾಗಿದಾಗ ಕೋನ್ ಹೊರಗೆ ಜಿಗಿಯಬೇಕು. ಎರಡೂ ಬಾಗಿಲಲ್ಲಿ ಒಂದೇ ಥರ ಆಗಬೇಕು. ಎಲ್ಲ ಜೋಡಿಸಿದ ಮೇಲೆ ಬ್ಯಾಲೆನ್ಸ್ ನಡುವಿಗಿಟ್ಟು ಹಾಡು ಹಾಕಿ. ದನಿ ಎರಡು ಸ್ಪೀಕರಿನ ನಡುವೆ ಬಂದು ನಿಂತರೆ ಸರಿ.

ಆಂಪ್ಲಿಫೈಯರ್ ಬೇಕಾ?

ಮೊದಲು ಬೇಡ. ಸ್ಪೀಕರ್ ಮತ್ತು ಡ್ಯಾಂಪಿಂಗ್ ಮುಗಿಸಿ ಒಂದು ತಿಂಗಳು ಕೇಳಿ. ಹೈವೇಯಲ್ಲಿ ವಾಲ್ಯೂಮ್ ಮುಕ್ಕಾಲು ದಾಟಿದಾಗ ಸೌಂಡ್ ಕರ್ಕಶ ಆಗ್ತಿದೆ ಅನ್ನಿಸಿದರೆ ಆಗ ಯೋಚಿಸಿ. ಹಾಗೆ ಕರ್ಕಶವಾಗೋದು ಅಂದರೆ 20 ವ್ಯಾಟ್ ಮುಗಿದು ತರಂಗದ ತಲೆ ಕತ್ತರಿಸ್ತಿದೆ ಅಂತ ಅರ್ಥ. ಟ್ವೀಟರ್ ಸುಡೋದು ಅನೇಕ ಸಲ ಹೀಗೇ.

ಕಂಪನಿ ಸ್ಟೀರಿಯೋಗೆ ಆಡಿಯೋ ಔಟ್ ಇರೋದಿಲ್ಲ. ಅದಕ್ಕೆ ಸ್ಪೀಕರ್ ವೈರನ್ನೇ ಇನ್‌ಪುಟ್ ಆಗಿ ತಗೊಳ್ಳೋ, ಹೈ ಲೆವೆಲ್ ಇನ್‌ಪುಟ್ ಇರೋ ಆಂಪ್ ಬೇಕು. ಸ್ಟೀರಿಯೋ ಆನ್ ಆದಾಗ ಸ್ಪೀಕರಿನ ಎರಡೂ ತಂತಿಗಳ ಮೇಲೆ ಬ್ಯಾಟರಿಯ ಅರ್ಧದಷ್ಟು, ಅಂದರೆ 6-7 ವೋಲ್ಟ್ ಕೂತಿರುತ್ತೆ. ಇಂಥ ಅನೇಕ ಆಂಪ್‌ಗಳು ಅದನ್ನೇ ನೋಡಿ ತಾವಾಗಿಯೇ ಆನ್ ಆಗ್ತವೆ. ಇದೇ ಕಾರಣಕ್ಕೆ ಸ್ಪೀಕರಿನ ಮೈನಸ್ ತಂತಿಯನ್ನು ಬಾಡಿಗೆ ಅರ್ಥ್ ಮಾಡಲೇಬಾರದು. ಅದು ಮೈನಸ್ ಅಂತ ಹೆಸರಿಗೆ ಮಾತ್ರ, ಬಾಡಿಗೆ ತಾಗಿದರೆ ಸ್ಟೀರಿಯೋದ ಚಿಪ್ ಹೋಗಬಹುದು.

ಕರೆಂಟಿನ ಲೆಕ್ಕ: 50 ವ್ಯಾಟಿನ ನಾಲ್ಕು ಚಾನಲ್, ಒಟ್ಟು 200 ವ್ಯಾಟ್. ಆಂಪಿನ ದಕ್ಷತೆ ಶೇಕಡಾ 80 ಅಂದುಕೊಂಡರೆ 250 ವ್ಯಾಟ್ ಎಳೆಯುತ್ತೆ, 14 ವೋಲ್ಟಿಗೆ ಸುಮಾರು 18 ಆಂಪಿಯರ್. ಇದನ್ನು ಸ್ಟೀರಿಯೋದ ಫ್ಯೂಸಿನಿಂದ ಎಳೆಯೋ ಹಾಗಿಲ್ಲ. ಬ್ಯಾಟರಿಯಿಂದ ನೇರವಾಗಿ ದಪ್ಪ ತಾಮ್ರದ ವೈರ್, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್. ಆ ಫ್ಯೂಸ್ ಆಂಪ್ ಉಳಿಸೋಕಲ್ಲ, ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದಾಗ ಕಾರಿಗೆ ಬೆಂಕಿ ಹತ್ತದಂತೆ ಉಳಿಸೋಕೆ. ಅಗ್ಗದ ವೈರಿನಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಮಾತ್ರ ಇರುತ್ತೆ, ಅದು ಹೆಚ್ಚು ಕಾಯುತ್ತೆ. ತುದಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬೇಡ ಅನ್ನಿ.

ದುಡ್ಡು ಹೇಗೆ ಹಂಚೋದು?

15 ಸಾವಿರ ಇದೆ ಅಂದುಕೊಳ್ಳಿ. ಅಂಗಡಿಯವರು ಹೇಳೋದು: ನಾಲ್ಕೂ ಬಾಗಿಲಿಗೆ ಸ್ಪೀಕರ್, ಡಿಕ್ಕಿಯಲ್ಲಿ ಬಾಸ್ ಟ್ಯೂಬ್. ನಾನು ಹೇಳೋದು: ಸುಮಾರು ಅರ್ಧ ಮುಂದಿನ ಒಂದು ಜೊತೆ ಒಳ್ಳೆ ಸ್ಪೀಕರಿಗೆ, ಕಾಲು ಭಾಗ ಡ್ಯಾಂಪಿಂಗಿಗೆ, ಉಳಿದದ್ದು ರಿಂಗ್, ಕಪ್ಲರ್, ಕೂಲಿಗೆ. 6 ಸಾವಿರ ಮಾತ್ರ ಇದ್ದರೂ ಇದೇ ಅನುಪಾತ, ಕಾಂಪೊನೆಂಟ್ ಬದಲು ಕೋಆಕ್ಸಿಯಲ್. ಚೆನ್ನೈಯ ಜನರಲ್ ಪ್ಯಾಟರ್ಸ್ ರೋಡ್, ದೆಹಲಿಯ ಕರೋಲ್ ಬಾಗ್, ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡ್, ಇಂಥ ಕಡೆ ಒಂದೇ ಬೀದಿಯಲ್ಲಿ ಹತ್ತಾರು ಅಂಗಡಿ ನೋಡಬಹುದು. ಎಲ್ಲಿ ತಗೊಂಡರೂ ಬಿಲ್ಲು, ಸೀರಿಯಲ್ ನಂಬರ್ ಇರೋ ವಾರಂಟಿ ಕಾರ್ಡು ಕೇಳಿ.

ಕೇಳಿ ನೋಡೋದು ಹೇಗೆ?

ಅಂಗಡಿಯವರು ಢಂಢಂ ಅನ್ನೋ ಹಾಡು ಹಾಕಿ ತಲೆ ತಿರುಗಿಸ್ತಾರೆ. ನೀವು ನೂರು ಸಲ ಕೇಳಿದ ನಿಮ್ಮದೇ ಹಾಡು ಹಾಕಿ. ಗಂಡಸಿನ ಮಾತಿನ ಮೂಲ ಸ್ವರ ಸುಮಾರು 85ರಿಂದ 180 ಹರ್ಟ್ಸ್. ಬಾಗಿಲಿನ ಡ್ಯಾಂಪಿಂಗ್ ಸರಿಯಿಲ್ಲದಿದ್ದರೆ ಕೆಡೋದು ಇದೇ ಜಾಗ. ರಾಜ್‌ಕುಮಾರ್ ದನಿ ಎದೆಯಿಂದ ಬಂದಂಗೆ ಕೇಳಬೇಕು, ಮೂಗಿನಿಂದ ಅಲ್ಲ. ತಂಬೂರಿ ಝೇಂಕಾರ ನಾಲ್ಕು ತಂತಿಯಾಗಿ ಬಿಡಿಸಿ ಕೇಳಿದರೆ ಟ್ವೀಟರ್ ಸರಿ. ತಬಲಾದ ಡಗ್ಗ ಹೊಡೆದು ತಕ್ಷಣ ನಿಂತರೆ ಬಾಗಿಲು ಸರಿ, ಗುಂಯ್ ಅಂತ ಎಳೆದರೆ ಎಲ್ಲೋ ತಗಡು ನಡುಗ್ತಿದೆ.

ಒಂದು ಮಾತು, ಕಿವಿಯ ಬಗ್ಗೆ. 85 ಡೆಸಿಬಲ್ ಅನ್ನು ದಿನಕ್ಕೆ 8 ಗಂಟೆ ಕೇಳೋದು ಮಿತಿ ಅಂತ ಕೆಲಸದ ಜಾಗಗಳಿಗೆ ಲೆಕ್ಕ ಹಾಕಿದ್ದಾರೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲಿಗೂ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಒಳ್ಳೆ ಸ್ಪೀಕರಿನ ಲಾಭ ಜೋರಾಗಿ ಕೇಳೋದಲ್ಲ, ಕಮ್ಮಿ ವಾಲ್ಯೂಮಿನಲ್ಲೇ ಎಲ್ಲ ಕೇಳಿಸೋದು. ಹಿಂದೆ ಆಂಬುಲೆನ್ಸ್ ಬಂದರೆ ನಮಗೆ ತಿಳಿಯಬೇಕು, ಹಿಂದಿನ ಸೀಟಿನಲ್ಲಿ ಮಗು ಮಲಗಿರಬೇಕು.

ಎರಡನೇ ಸಲ ನಾನು ಹಾಕಿದ್ದು 91 ಡೆಸಿಬಲಿನ ಮಧ್ಯಮ ದರ್ಜೆಯ ಕಾಂಪೊನೆಂಟ್ ಸೆಟ್, ಮುಂದಿನ ಎರಡು ಬಾಗಿಲಿಗೆ ಡ್ಯಾಂಪಿಂಗ್, ಪ್ಲಾಸ್ಟಿಕ್ ರಿಂಗ್, ಕಪ್ಲರ್. ಆಂಪ್ಲಿಫೈಯರ್ ಇವತ್ತಿಗೂ ಹಾಕಿಲ್ಲ, ಬೇಕು ಅನ್ನಿಸಿಲ್ಲ. ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಅದೇ ಹಾಡು ಹಾಕಿದೆ. ಅಪ್ಪ ಏನೂ ಹೇಳಲಿಲ್ಲ. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡೋಕೆ ಹೋದರೆ, "ತಡಿ, ಇದೊಂದು ಮುಗೀಲಿ" ಅಂದ್ರು.

ಅಂಗಡಿಗೆ ಹೋಗೋ ಮುಂಚೆ ಈ ಐದು ಸಾಲು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಆರ್‌ಎಂಎಸ್ 30ರಿಂದ 60, ಸೆನ್ಸಿಟಿವಿಟಿ 90 ಅಥವಾ ಮೇಲೆ, 4 ಓಮ್. ಗ್ಲಾಸ್ ಇಳಿಸಿ ಆಳ ಅಳೆಯೋದು. ವೈರ್ ಕತ್ತರಿಸದೆ ಕಪ್ಲರ್. ಪ್ಲಾಸ್ಟಿಕ್ ರಿಂಗ್, ನೀರಿನ ತೂತು ಮುಚ್ಚದ ಡ್ಯಾಂಪಿಂಗ್. ಕೊನೆಗೆ ಸೆಲ್ ಹಿಡಿದು ಪ್ಲಸ್ ಮೈನಸ್ ಪರೀಕ್ಷೆ. ಇಷ್ಟು ಮಾಡಿ ಊರಿನ ದಾರಿ ಹಿಡಿಯಿರಿ.